ಶರಾವತಿಯ ನೀರು, ಬಚ್ಚಲಿನ ಗೀಸರು: ಶಕ್ತಿ ರೂಪ ಬದಲಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯಲ್ಲಿ ಶಕ್ತಿಯ ಪಾಠ ಅಂದರೆ ಒಂದು ಪಟ್ಟಿ. ಚಲನ ಶಕ್ತಿ, ಪ್ರಚ್ಛನ್ನ ಶಕ್ತಿ, ಉಷ್ಣ, ಬೆಳಕು, ಶಬ್ದ, ವಿದ್ಯುತ್. ಬಾಯಿಪಾಠ ಮಾಡಿ ಬರೆದರೆ ಅಂಕ ಬರುತ್ತದೆ. ಆಮೇಲೆ ಅದು ತಲೆಯಲ್ಲಿ ಉಳಿಯುವುದಿಲ್ಲ. ಹಾಗಾಗಿ ಇಲ್ಲಿ ಪಟ್ಟಿಯನ್ನು ಬದಿಗಿಟ್ಟು ಶರಾವತಿ ನದಿಯನ್ನು ಹಿಡಿದು ಹೊರಟಿದ್ದೇನೆ. ಜನ ಕೇಳುವ ಹೆಚ್ಚಿನ ಪ್ರಶ್ನೆಗಳು ಆ ದಾರಿಯಲ್ಲೇ ಸಿಗುತ್ತವೆ.

ಶಕ್ತಿ ಅಂದರೆ ಏನು? ಸರಳವಾಗಿ ಹೇಳಿ.

ಕೆಲಸ ಮಾಡಿಸುವ ತಾಕತ್ತು. ಎತ್ತಲು, ತಳ್ಳಲು, ಬಿಸಿ ಮಾಡಲು, ಬೆಳಗಲು ಏನು ಬೇಕೋ ಅದು. ಅಳತೆ ಜೂಲ್‌ನಲ್ಲಿ. ಒಂದು ಲೀಟರ್ ನೀರಿನ ಬಾಟಲಿಯನ್ನು ಮೇಜಿನಿಂದ 10 ಸೆಂಟಿಮೀಟರ್ ಮೇಲೆತ್ತಿದರೆ ಹೆಚ್ಚುಕಡಿಮೆ ಒಂದು ಜೂಲ್ ಖರ್ಚು.

ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಆ ಬಾಟಲಿಯನ್ನು 36 ಲಕ್ಷ ಸಲ ಎತ್ತಿದಷ್ಟು! ಹೋಟೆಲಿನ ಒಂದು ಕಾಫಿಗಿಂತ ಕಡಿಮೆ ದುಡ್ಡಿಗೆ ಸಿಗುತ್ತದಲ್ಲ, ಅದಕ್ಕೇ ನಮಗೆ ಅದರ ಗಾತ್ರ ತಿಳಿಯುವುದಿಲ್ಲ.

ವ್ಯಾಟ್ ಮತ್ತು ಯೂನಿಟ್ ಒಂದೇನಾ?

ಅಲ್ಲ. ವ್ಯಾಟ್ ಅನ್ನುವುದು ವೇಗ, ಸೆಕೆಂಡಿಗೆ ಎಷ್ಟು ಜೂಲ್ ಅನ್ನುವ ಲೆಕ್ಕ. ಯೂನಿಟ್ ಅನ್ನುವುದು ಒಟ್ಟು ಮೊತ್ತ. 2000 ವ್ಯಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. 75 ವ್ಯಾಟ್‌ನ ಫ್ಯಾನ್ ಅದೇ ಒಂದು ಯೂನಿಟ್ಟಿನಲ್ಲಿ 13 ಗಂಟೆ ತಿರುಗುತ್ತದೆ. 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ನೂರು ಗಂಟೆಗೂ ಜಾಸ್ತಿ ಉರಿಯುತ್ತದೆ. ಈ ಮೂರು ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲಿಂಗನಮಕ್ಕಿಯಲ್ಲಿ ನೀರು ಸುಮ್ನೆ ನಿಂತಿರುತ್ತದೆ. ಅದರಲ್ಲಿ ಕರೆಂಟ್ ಎಲ್ಲಿದೆ?

ನೀರಿನಲ್ಲಿ ಇಲ್ಲ, ನೀರು ನಿಂತಿರುವ ಎತ್ತರದಲ್ಲಿದೆ. ಎತ್ತರದಲ್ಲಿರುವ ವಸ್ತು ಬೀಳಲು ಕಾದಿರುತ್ತದೆ. ಆ ಕಾದಿರುವ ಶಕ್ತಿಯೇ ಪ್ರಚ್ಛನ್ನ ಶಕ್ತಿ. ತೂಕ ಜಾಸ್ತಿ ಇದ್ದಷ್ಟೂ, ಎತ್ತರ ಜಾಸ್ತಿ ಇದ್ದಷ್ಟೂ ಅದು ಜಾಸ್ತಿ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ತುಂಬಿದಾಗ ಸಮುದ್ರಮಟ್ಟಕ್ಕಿಂತ 1819 ಅಡಿ ಮೇಲೆ, ಸುಮಾರು 151 ಟಿಎಂಸಿ ನೀರು. ಅದು ಮೊದಲು ಅಣೆಕಟ್ಟಿನ ಬುಡದಲ್ಲೇ ಇರುವ 55 ಮೆಗಾವ್ಯಾಟ್‌ನ (ಒಂದು ಮೆಗಾವ್ಯಾಟ್ ಅಂದರೆ ಹತ್ತು ಲಕ್ಷ ವ್ಯಾಟ್) ಸಣ್ಣ ಪವರ್‌ಹೌಸ್ ಹಾದು ತಳಕಳಲೆ ಜಲಾಶಯಕ್ಕೆ ಬರುತ್ತದೆ. ಅಲ್ಲಿಂದ ದಪ್ಪ ಉಕ್ಕಿನ ಪೈಪುಗಳಲ್ಲಿ ಸುಮಾರು 440 ಮೀಟರ್ ಕೆಳಗೆ, ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಅಲ್ಲಿ 103.5 ಮೆಗಾವ್ಯಾಟ್‌ನ 10 ಯಂತ್ರಗಳಿವೆ. ಒಟ್ಟು 1035 ಮೆಗಾವ್ಯಾಟ್.

ಈಗ ಲೆಕ್ಕ ಮಾಡೋಣ. ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕ್ ಒಂದರ ನೀರು, ಅಂದರೆ 1000 ಲೀಟರ್, ತೂಕ 1000 ಕಿಲೋ. ಅದು 440 ಮೀಟರ್ ಇಳಿದರೆ 1000 × 9.8 (ಭೂಮಿಯ ಸೆಳೆತದ ಅಂಕಿ) × 440, ಅಂದರೆ ಸುಮಾರು 43 ಲಕ್ಷ ಜೂಲ್. 1.2 ಯೂನಿಟ್. ಪೈಪು, ಟರ್ಬೈನ್, ಜನರೇಟರ್‌ಗಳಲ್ಲಿ ಸ್ವಲ್ಪ ಕಳೆದು ಹೊರಬರುವುದು ಒಂದು ಯೂನಿಟ್ ಚಿಲ್ಲರೆ.

ಒಂದು ಟ್ಯಾಂಕ್ ನೀರು, ಒಂದು ಯೂನಿಟ್. ಈ ಲೆಕ್ಕ ಗೊತ್ತಾದ ಮೇಲೆ ಬಿಲ್ಲನ್ನು ನೋಡುವ ಕಣ್ಣೇ ಬೇರೆ. ತಿಂಗಳಿಗೆ 150 ಯೂನಿಟ್ ಬಂತು ಅಂದರೆ 150 ಟ್ಯಾಂಕ್ ನೀರು ಘಟ್ಟ ಇಳಿದಂತೆ. ಹತ್ತೂ ಯಂತ್ರ ಪೂರ್ತಿ ಓಡುವಾಗ ಸೆಕೆಂಡಿಗೆ ಎರಡೂವರೆ ಲಕ್ಷ ಲೀಟರಿಗೂ ಜಾಸ್ತಿ ನೀರು ಬೇಕು. ತುಂಬಿದ ಲಿಂಗನಮಕ್ಕಿ ಅಂದರೆ ಹತ್ತಿರ ಹತ್ತಿರ 450 ಕೋಟಿ ಯೂನಿಟ್.

ಕರೆಂಟ್ ತೆಗೆದ ಮೇಲೆ ನೀರಿನ ಸತ್ವ ಹೋಗುತ್ತದಂತೆ, ನಿಜವೇ?

ಇಲ್ಲ. ಹಳ್ಳಿ ಕಡೆ ಈ ಮಾತು ಬಹಳ ಹಳೆಯದು. ನೀರಿನಿಂದ ಹೋಗುವುದು ಎತ್ತರ ಮಾತ್ರ. ನೀರಿನ ಗುಣ, ರುಚಿ, ಬೆಳೆಗೆ ಸಿಗುವ ಸತ್ವ ಎಲ್ಲ ಹಾಗೇ ಇರುತ್ತದೆ. ಶರಾವತಿ ವಿದ್ಯುದಾಗಾರದಿಂದ ಹೊರಬಂದ ಅದೇ ನೀರನ್ನು ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೆ ಕಟ್ಟಿ ಇನ್ನೂ 240 ಮೆಗಾವ್ಯಾಟ್ ತೆಗೆಯುತ್ತಾರೆ. ಸತ್ವ ಹೋಗಿದ್ದರೆ ಅದು ಆಗುತ್ತಿತ್ತಾ? ಹೊನ್ನಾವರದ ಹತ್ತಿರ ಸಮುದ್ರ ಮುಟ್ಟಿದ ಮೇಲೆ ಮಾತ್ರ ಆಟ ಮುಗಿಯಿತು. ಇಳಿಯಲು ಇನ್ನು ಎತ್ತರವೇ ಇಲ್ಲ.

ಪವರ್‌ಹೌಸ್ ಒಳಗೆ ನಿಜವಾಗಿ ಏನಾಗುತ್ತದೆ?

ಇದು ನನಗೆ ತುಂಬಾ ಇಷ್ಟವಾದ ಭಾಗ. ಹಾಗಾಗಿ ಸ್ವಲ್ಪ ಉದ್ದ.

ಪೈಪಿನ ತುದಿಯಲ್ಲಿ ಒಂದು ನಾಝಲ್ ಇರುತ್ತದೆ. 440 ಮೀಟರ್ ನೀರಿನ ಒತ್ತಡವೆಲ್ಲ ಅಲ್ಲಿ ವೇಗವಾಗಿ ಬದಲಾಗುತ್ತದೆ. ಹೊರಗೆ ಚಿಮ್ಮುವ ನೀರಿನ ವೇಗ ಸೆಕೆಂಡಿಗೆ 90 ಮೀಟರ್ ಆಸುಪಾಸು, ಅಂದರೆ ಗಂಟೆಗೆ 320 ಕಿಲೋಮೀಟರ್. ಪ್ರಚ್ಛನ್ನ ಶಕ್ತಿ ಪೂರ್ತಿ ಚಲನ ಶಕ್ತಿ ಆಯಿತು.

ಎದುರಿಗೆ ಪೆಲ್ಟನ್ ಚಕ್ರ. ಅದರ ಅಂಚಿನ ಸುತ್ತ ಜೋಡಿ ಬಟ್ಟಲುಗಳು, ಎರಡರ ನಡುವೆ ಚೂಪಾದ ಏಣು. ನೀರಿನ ಧಾರೆ ಸರಿಯಾಗಿ ಆ ಏಣಿನ ಮೇಲೆ ಬಿದ್ದು ಎರಡಾಗಿ ಸೀಳುತ್ತದೆ. ಎರಡೂ ಬಟ್ಟಲುಗಳ ಒಳಗೆ ಸುತ್ತಿ ಹಿಂದಕ್ಕೆ ತಿರುಗುತ್ತದೆ. ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳ ಸೀಮೆಯಲ್ಲಿ ಬಡಗಿ ಕೆಲಸ, ಯಂತ್ರದ ಕೆಲಸ ಮಾಡಿಕೊಂಡಿದ್ದ ಲೆಸ್ಟರ್ ಪೆಲ್ಟನ್ 1880ರಲ್ಲಿ ಇದಕ್ಕೆ ಪೇಟೆಂಟ್ ಪಡೆದ.

ಇಲ್ಲಿ ಒಂದು ಜಾಣತನ ಇದೆ. ಬಟ್ಟಲುಗಳು ನೀರಿನ ಅರ್ಧ ವೇಗದಲ್ಲಿ ಓಡುವ ಹಾಗೆ ಯಂತ್ರವನ್ನು ಹೊಂದಿಸಿರುತ್ತಾರೆ. ನೀರು 90ರಲ್ಲಿ ಬಂತು, ಬಟ್ಟಲು 45ರಲ್ಲಿ ಮುಂದಕ್ಕೆ ಓಡುತ್ತಿದೆ. ಬಟ್ಟಲಿನ ಮೇಲೆ ಕೂತು ನೋಡಿದರೆ ನೀರು ಬರುವುದು 45ರ ವೇಗದಲ್ಲಿ, ತಿರುಗಿ ಹಿಂದಕ್ಕೆ ಹೋಗುವುದೂ 45ರಲ್ಲೇ. ಆದರೆ ಬಟ್ಟಲೇ 45ರಲ್ಲಿ ಮುಂದೆ ಹೋಗುತ್ತಿದೆಯಲ್ಲ? ನೆಲದ ಮೇಲೆ ನಿಂತವರಿಗೆ ಎರಡೂ ವಜಾ. ನೀರು ಹೆಚ್ಚುಕಡಿಮೆ ನಿಂತೇ ಬಿಡುತ್ತದೆ, ಸುಮ್ನೆ ಕೆಳಗೆ ಸುರಿಯುತ್ತದೆ. 320 ಕಿಲೋಮೀಟರ್ ವೇಗದಲ್ಲಿ ಬಂದ ನೀರಿನ ಚಲನ ಶಕ್ತಿಯೆಲ್ಲ ಚಕ್ರಕ್ಕೆ ಹೋಯಿತು. ನೂರಕ್ಕೆ ತೊಂಬತ್ತು ಭಾಗ ಹೀಗೆ ವಸೂಲಾಗುತ್ತದೆ.

ಜನರೇಟರ್ ಒಮ್ಮೆ ತಿರುಗಿದರೆ ಸಾಕಲ್ಲ? ನಾವು ಕರೆಂಟ್ ಬಳಸಿದರೂ ಬಿಟ್ಟರೂ ಅದಕ್ಕೇನು?

ತುಂಬಾ ವ್ಯತ್ಯಾಸ ಇದೆ. ಹಳೆಯ ಸೈಕಲ್ಲಿನ ಡೈನಮೋ ನೆನಪಿದೆಯಾ? ಚಕ್ರಕ್ಕೆ ತಾಗಿಸಿ ದೀಪ ಹತ್ತಿಸಿದ ಕೂಡಲೇ ಪೆಡಲ್ ಭಾರ ಆಗುತ್ತಿತ್ತು. ಬಲ್ಬ್ ಫ್ಯೂಸ್ ಆಗಿದ್ದರೆ ಅಷ್ಟು ಭಾರ ಇರುತ್ತಿರಲಿಲ್ಲ. ಡೈನಮೋದ ತಂತಿಯಲ್ಲಿ ಕರೆಂಟ್ ಹರಿದಾಗ ಅದು ತನ್ನದೇ ಕಾಂತಕ್ಷೇತ್ರ ಹುಟ್ಟಿಸಿ ತಿರುಗುವಿಕೆಯನ್ನೇ ತಡೆಯುತ್ತದೆ. ಆ ತಡೆಯನ್ನು ಮೀರಿ ತುಳಿದಾಗಲೇ ಕಾಲಿನ ಕಸುವು ಬೆಳಕಾಗುವುದು.

ಶರಾವತಿಯಲ್ಲೂ ಇದೇ. ಸಂಜೆ ಏಳಕ್ಕೆ ಊರೆಲ್ಲ ದೀಪ, ಮಿಕ್ಸಿ, ಪಂಪ್ ಹಾಕಿದರೆ ಜನರೇಟರ್‌ಗಳು ಭಾರವಾಗುತ್ತವೆ. ವೇಗ ಕೂದಲೆಳೆಯಷ್ಟು ಇಳಿಯುತ್ತದೆ. ನಮ್ಮ ದೇಶದ ಕರೆಂಟ್ ಸೆಕೆಂಡಿಗೆ 50 ಸಲ ಅತ್ತಿಂದಿತ್ತ ದಿಕ್ಕು ಬದಲಿಸಿ ಸುತ್ತು ಮುಗಿಸಬೇಕು. ಅದು 50ಕ್ಕಿಂತ ಕೆಳಗೆ ಜಾರಿತು ಅಂದರೆ ಗವರ್ನರ್ ಅನ್ನುವ ಸಾಧನ ನಾಝಲ್ಲನ್ನು ಇನ್ನಷ್ಟು ತೆರೆಯುತ್ತದೆ. ನೀವು ಸ್ವಿಚ್ ಒತ್ತಿದ್ದಕ್ಕೆ ಎಲ್ಲೋ ಒಂದು ಕಡೆ ಇನ್ನಷ್ಟು ನೀರು ಅಥವಾ ಇನ್ನಷ್ಟು ಉಗಿ ಆ ಕ್ಷಣಕ್ಕೇ ಹೋಗಬೇಕು. ಜಲವಿದ್ಯುತ್ತಿನ ದೊಡ್ಡ ಗುಣ ಇದು. ಕೆಲವೇ ನಿಮಿಷಗಳಲ್ಲಿ ಏರಿಸಬಹುದು, ಇಳಿಸಬಹುದು. ತಣ್ಣಗಿರುವ ಕಲ್ಲಿದ್ದಲಿನ ಬಾಯ್ಲರ್ ಹೊತ್ತಿಸಿ ಪೂರ್ತಿ ಬಲಕ್ಕೆ ತರಲು ಗಂಟೆಗಟ್ಟಲೆ ಬೇಕು.

ಅಷ್ಟು ದೂರದಿಂದ ತಂತಿಯಲ್ಲಿ ಬರುವಾಗ ಕರೆಂಟ್ ಸೋರುವುದಿಲ್ಲವೇ?

ಸೋರುತ್ತದೆ, ಶಾಖವಾಗಿ. ತಂತಿ ಬಿಸಿಯಾಗುತ್ತದೆ. ಎಷ್ಟು ಅನ್ನುವುದು ತಂತಿಯಲ್ಲಿ ಹರಿಯುವ ಕರೆಂಟಿನ ಪ್ರಮಾಣದ (ಆಂಪಿಯರ್ ಲೆಕ್ಕ) ವರ್ಗದ ಮೇಲೆ ನಿಂತಿದೆ. ಕರೆಂಟ್ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಅದೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ, ಅಂದರೆ ಕರೆಂಟನ್ನು ತಳ್ಳುವ ಒತ್ತಡದಲ್ಲಿ, ಕಳಿಸಿದರೆ ಕರೆಂಟ್ ಹತ್ತರಲ್ಲಿ ಒಂದು ಪಾಲು, ನಷ್ಟ ನೂರರಲ್ಲಿ ಒಂದು ಪಾಲು. ದೊಡ್ಡ ಟವರುಗಳ ಮೇಲೆ 220 ಅಥವಾ 400 ಕಿಲೋವೋಲ್ಟ್ ಓಡುವುದು ಇದಕ್ಕೇ. ಮನೆ ಹತ್ತಿರ ಬರುವಷ್ಟರಲ್ಲಿ ಟ್ರಾನ್ಸ್‌ಫಾರ್ಮರ್‌ಗಳು ಅದನ್ನು 230 ವೋಲ್ಟಿಗೆ ಇಳಿಸಿರುತ್ತವೆ.

ಈ ಪಾಠವನ್ನು ನಮ್ಮವರು ಬಹಳ ಬೇಗ ಕಲಿತರು. 1902ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಹಾಕಿಕೊಂಡ ಯೋಜನೆಯಂತೆ, ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ದೂರ ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ಮೊದಲು ಗಣಿ, ಆಮೇಲೆ ಮನುಷ್ಯ.

ಜೋಗದಲ್ಲಿ ಬೀಳುವ ನೀರಿಗೆ ಯಾವ ಟರ್ಬೈನೂ ಇಲ್ಲ. ಆ ಶಕ್ತಿ ಎಲ್ಲಿಗೆ ಹೋಗುತ್ತದೆ?

ಒಳ್ಳೆಯ ಪ್ರಶ್ನೆ. ಜೋಗದ ಎತ್ತರ 253 ಮೀಟರ್. ಬೀಳುವಾಗ ವೇಗ ಬಂತು. ಬಂಡೆಗೆ ಅಪ್ಪಳಿಸಿದ ಮೇಲೆ ವೇಗ ಹೋಯಿತು. ಸ್ವಲ್ಪ ಶಬ್ದವಾಯಿತು, ಅದು ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಉಳಿದದ್ದೆಲ್ಲ ಶಾಖ. ಲೆಕ್ಕ ಹಾಕಿದರೆ ಕೆಳಗಿನ ನೀರು ಮೇಲಿನ ನೀರಿಗಿಂತ ಸುಮಾರು 0.6 ಡಿಗ್ರಿ ಬೆಚ್ಚಗಿರಬೇಕು. ಆದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು ಹನಿಹನಿಯಾಗಿ ಒಡೆದು ಮಂಜಾಗುವುದರಿಂದ, ಆವಿಯಾಗುವ ನೀರು ಅದಕ್ಕಿಂತ ಜಾಸ್ತಿ ತಂಪು ಮಾಡಿಬಿಡುತ್ತದೆ. ಥರ್ಮಾಮೀಟರ್ ಹಿಡಿದು ಹೋದರೆ ಉತ್ತರ ಸಿಗುವುದು ಕಷ್ಟ.

ಹಾಗೆ ಹೋದವರೊಬ್ಬರಿದ್ದರು. ಇಂಗ್ಲೆಂಡಿನ ಜೇಮ್ಸ್ ಜೂಲ್. ಬಿಯರ್ ತಯಾರಿಸುವ ಮನೆತನದವರು. 1840ರ ದಶಕದಲ್ಲಿ ಅವರು ನೀರಿನ ಪಾತ್ರೆಯೊಳಗೆ ರೆಕ್ಕೆಗಳಿರುವ ಚಕ್ರ ಇಟ್ಟು, ಬೀಳುವ ತೂಕಗಳಿಂದ ಅದನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತು ಅಂತ ಅಳೆದರು. ಇಷ್ಟು ಕೆಲಸಕ್ಕೆ ಇಷ್ಟೇ ಶಾಖ ಅನ್ನುವ ಗಟ್ಟಿ ಲೆಕ್ಕ ಅಲ್ಲಿಂದ ಬಂತು. 1847ರಲ್ಲಿ ಮದುವೆಯಾಗಿ ಆಲ್ಪ್ಸ್ ಕಡೆ ಪ್ರವಾಸ ಹೋದಾಗಲೂ ಜಲಪಾತದ ಉಷ್ಣತೆ ಅಳೆಯಲು ಥರ್ಮಾಮೀಟರ್ ಹಿಡಿದಿದ್ದರು ಅಂತ ವಿಜ್ಞಾನಿ ಕೆಲ್ವಿನ್ ಹೇಳಿದ ಕಥೆಯಿದೆ. ಹೊಸ ಹೆಂಡತಿ ಏನಂದರೋ!

ಶಕ್ತಿ ನಾಶವೇ ಆಗುವುದಿಲ್ಲ ಅಂದ ಮೇಲೆ ಉಳಿಸಿ ಉಳಿಸಿ ಅನ್ನುವುದು ಯಾಕೆ?

ಪಾಠದಲ್ಲಿ ಅರ್ಧ ಹೇಳಿ ಬಿಡುವುದರಿಂದ ಹುಟ್ಟುವ ಗೊಂದಲ ಇದು. ಮೊತ್ತ ಬದಲಾಗುವುದಿಲ್ಲ, ನಿಜ. ಆದರೆ ಎಲ್ಲ ರೂಪಕ್ಕೂ ಒಂದೇ ಬೆಲೆ ಇಲ್ಲ.

ಸಾರಿಗೆ ಹಾಕಿದ ಉಪ್ಪು ಎಲ್ಲಿಗೂ ಹೋಗಿರುವುದಿಲ್ಲ, ಅಷ್ಟೂ ಪಾತ್ರೆಯಲ್ಲೇ ಇರುತ್ತದೆ. ಆದರೆ ಮತ್ತೆ ಡಬ್ಬಿಗೆ ತುಂಬಲು ಆಗುತ್ತದಾ? ಶಾಖವೂ ಹಾಗೆ. ಕರೆಂಟನ್ನು ಪೂರ್ತಿ ಶಾಖ ಮಾಡಬಹುದು, ಒಂದು ಸುರುಳಿ ತಂತಿ ಸಾಕು. ಶಾಖವನ್ನು ಪೂರ್ತಿ ಕರೆಂಟ್ ಮಾಡಲು ಜಗತ್ತಿನ ಯಾವ ಯಂತ್ರಕ್ಕೂ ಆಗುವುದಿಲ್ಲ. ಶಾಖ ಬಿಸಿಯಿಂದ ತಂಪಿನ ಕಡೆ ಹರಿಯುವಾಗ ದಾರಿಯಲ್ಲಿ ಒಂದು ಪಾಲು ಕಿತ್ತುಕೊಳ್ಳಬಹುದು, ಅಷ್ಟೇ. ಎಷ್ಟು ಪಾಲು ಅನ್ನುವುದಕ್ಕೆ ಒಂದು ಮೇಲ್ಮಿತಿ ಇದೆ. ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲೇ ಅದನ್ನು ತೋರಿಸಿದರು. ಬಿಸಿ ಮತ್ತು ತಂಪಿನ ನಡುವೆ ಅಂತರ ಕಡಿಮೆ ಇದ್ದಷ್ಟೂ ಸಿಗುವ ಪಾಲು ಕಡಿಮೆ. ಕೋಣೆಯ ಗಾಳಿಯಲ್ಲಿ ಹರಡಿಹೋದ ಶಾಖಕ್ಕೆ ಅಂತರವೇ ಇಲ್ಲ. ಇದ್ದೂ ಪ್ರಯೋಜನವಿಲ್ಲ.

ಹಾಗಾಗಿ ನಾವು ಉಳಿಸುವುದು ಶಕ್ತಿಯನ್ನಲ್ಲ, ಅದರ ಒಳ್ಳೆಯ ರೂಪವನ್ನು.

ಮಳೆ ಕೈಕೊಟ್ಟ ವರ್ಷ ಕರೆಂಟ್ ಎಲ್ಲಿಂದ?

ಬಹುಪಾಲು ಕಲ್ಲಿದ್ದಲಿನಿಂದ. ರಾಯಚೂರಿನ ಶಕ್ತಿನಗರದ ಸ್ಥಾವರದ್ದೇ 1720 ಮೆಗಾವ್ಯಾಟ್. ಅಲ್ಲಿ ರೂಪ ಬದಲಾಗುವ ಸರಪಳಿ ಉದ್ದ. ಕಲ್ಲಿದ್ದಲಿನ ರಾಸಾಯನಿಕ ಶಕ್ತಿ ಬಾಯ್ಲರಿನಲ್ಲಿ ಶಾಖ, ಶಾಖದಿಂದ ಉಗಿಯ ಒತ್ತಡ, ಒತ್ತಡದಿಂದ ಟರ್ಬೈನಿನ ತಿರುಗು, ಅದರಿಂದ ವಿದ್ಯುತ್. ಶಾಖ ಅನ್ನುವ ಹಂತ ದಾಟಲೇಬೇಕು, ಅಲ್ಲೇ ಪೆಟ್ಟು. 100 ಭಾಗ ಕಲ್ಲಿದ್ದಲು ಸುಟ್ಟರೆ 35ರ ಆಸುಪಾಸು ವಿದ್ಯುತ್. ಉಳಿದದ್ದು ಚಿಮಣಿಯ ಹೊಗೆಯಲ್ಲಿ, ಕೂಲಿಂಗ್ ಟವರಿನ ಆವಿಯಲ್ಲಿ ಹೋಗುತ್ತದೆ. ಶರಾವತಿಯಲ್ಲಿ 90, ರಾಯಚೂರಿನಲ್ಲಿ 35. ಕೆಲಸಗಾರರ ಅಥವಾ ಯಂತ್ರಗಳ ತಪ್ಪಲ್ಲ ಇದು. ದೊಡ್ಡ ಕಾರಣ ಕಾರ್ನೋನ ಮಿತಿ.

ಕೈಗಾದಲ್ಲೂ ಇದೇ ಉಗಿ, ಇದೇ ಟರ್ಬೈನ್. ಬೆಂಕಿ ಮಾತ್ರ ಬೇರೆ. ಯುರೇನಿಯಂ ಪರಮಾಣುಗಳು ಒಡೆಯುವಾಗ ಬರುವ ಶಾಖದಿಂದ ನೀರು ಕುದಿಯುತ್ತದೆ. ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಅವುಗಳಲ್ಲಿ ಮೊದಲನೆಯದು 2018ರಲ್ಲಿ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿತು.

ಸ್ನಾನಕ್ಕೆ ಯಾವುದು ಒಳ್ಳೆಯದು: ಗೀಸರ್, ಗ್ಯಾಸ್, ಸೋಲಾರ್, ಹಂಡೆ ಒಲೆ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕಲ್ಲಿದ್ದಲು ಸುಟ್ಟು ಬಂದ ಕರೆಂಟಿನಲ್ಲಿ ನೀರು ಕಾಯಿಸುವುದು ಬಹಳ ಪೆದ್ದ ಕೆಲಸ.

ಯೋಚಿಸಿ ನೋಡಿ. ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ನೀರು ಕುದಿಸಿದೆವು. ಅದನ್ನು ಕಷ್ಟಪಟ್ಟು ವಿದ್ಯುತ್ ಮಾಡುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತು. ತಂತಿಯಲ್ಲಿ ಇನ್ನಷ್ಟು ಹೋಯಿತು. ಕೊನೆಗೆ ಬಚ್ಚಲಿನಲ್ಲಿ ಏನು ಮಾಡಿದೆವು? ಮತ್ತೆ ನೀರು ಕಾಯಿಸಿದೆವು! ಗೀಸರಿನ ಮೇಲೆ ಐದು ನಕ್ಷತ್ರ ಇರಬಹುದು, ಅದು ತನಗೆ ಬಂದ ಕರೆಂಟನ್ನು ಹತ್ತಿರ ಹತ್ತಿರ ಪೂರ್ತಿ ಶಾಖ ಮಾಡುತ್ತದೆ ಅನ್ನುವುದೂ ನಿಜ. ಆದರೆ ಗಣಿಯಿಂದ ಲೆಕ್ಕ ಹಿಡಿದರೆ 100ರಲ್ಲಿ 30 ಮಾತ್ರ ನೀರಿಗೆ ಸೇರಿತು.

ಅದೇ ಗ್ಯಾಸನ್ನು ನೇರ ಉರಿಸಿದರೆ ಈ ಸುತ್ತಾಟ ಇಲ್ಲ. 14.2 ಕಿಲೋದ ಒಂದು ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ಟಿನಷ್ಟು ಶಕ್ತಿ ಇರುತ್ತದೆ. ತಾರಸಿಯ ಸೋಲಾರ್ ಹೀಟರ್ ಎಲ್ಲಕ್ಕಿಂತ ಸರಿ. ನಮಗೆ ಬೇಕಿರುವುದು 45 ಡಿಗ್ರಿ ನೀರು. ಅಷ್ಟಕ್ಕೆ ಬಿಸಿಲೇ ಸಾಕು, ಅದನ್ನು ಕರೆಂಟ್ ಮಾಡುವ ಗೋಜೇ ಬೇಡ. ಮಲೆನಾಡಿನ ಜಡಿಮಳೆಯಲ್ಲಿ ಸೋಲಾರ್ ನಂಬಿ ಕೂರಲು ಆಗುವುದಿಲ್ಲ, ಅದು ಬೇರೆ ಮಾತು.

ಹಂಡೆ ಒಲೆಯ ಕಥೆ ಸ್ವಲ್ಪ ಉದ್ದ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಕ್ತಿ ಪಾತ್ರೆಗೆ ಸೇರುವುದು 100ರಲ್ಲಿ ಹತ್ತೇ. ಉಳಿದದ್ದು ಸುತ್ತ ಗಾಳಿಗೆ, ಹೊಗೆ ಅಮ್ಮಂದಿರ ಕಣ್ಣಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಅನ್ನುವ ಕೇಂದ್ರ ಕಟ್ಟಿದರು. ಅಲ್ಲಿಂದ ಹೊರಬಂದದ್ದೇ ಅಸ್ತ್ರ ಒಲೆ. ಬೆಂಕಿ ಮುಚ್ಚಿದ ಗೂಡಿನಲ್ಲಿ, ಗಾಳಿ ಅಳತೆ ಪ್ರಕಾರ, ಬಿಸಿ ಹೊಗೆ ಒಂದಾದ ಮೇಲೊಂದು ಪಾತ್ರೆಯ ತಳ ಸವರಿಕೊಂಡೇ ಚಿಮಣಿಗೆ ಹೋಗಬೇಕು. ಅದೇ ಸೌದೆ, ಕೆಲಸ ಎರಡು ಮೂರು ಪಟ್ಟು. ನನ್ನ ಲೆಕ್ಕದಲ್ಲಿ ಇದು ಯಾವ ದೊಡ್ಡ ಅಣೆಕಟ್ಟಿಗೂ ಕಡಿಮೆಯ ಎಂಜಿನಿಯರಿಂಗ್ ಅಲ್ಲ.

ಫ್ರಿಜ್ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುತ್ತದಾ?

ಉಲ್ಟಾ, ಬಿಸಿಯಾಗುತ್ತದೆ. ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಹಿಂದಿನ ಕೊಳವೆಗಳಿಂದ ಹೊರಗೆ ಹಾಕುತ್ತದೆ. ಆ ಎತ್ತುವ ಕೆಲಸಕ್ಕೆ ತಗೊಂಡ ಕರೆಂಟೂ ಅಲ್ಲೇ ಶಾಖವಾಗಿ ಸೇರುತ್ತದೆ. ಬಾಗಿಲು ತೆರೆದರೆ ಮುಂದೆ ತೆಗೆದದ್ದು ಹಿಂದೆ ವಾಪಸ್, ಜೊತೆಗೆ ಕರೆಂಟಿನ ಶಾಖ ಬೇರೆ. ಏಸಿಯ ಅರ್ಧ ಭಾಗ ಮನೆಯ ಹೊರಗೆ ನೇತಾಡುವುದು ಇದಕ್ಕೇ.

ಹಾಗಾದರೆ ಫ್ಯಾನ್?

ಫ್ಯಾನ್ ಕೂಡ ಕೋಣೆಯನ್ನು ಬಿಸಿ ಮಾಡುತ್ತದೆ, 75 ವ್ಯಾಟ್‌ನಷ್ಟು. ತಂಪು ಅನ್ನಿಸುವುದು ಮೈಮೇಲಿನ ಬೆವರು ಆರುವುದರಿಂದ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ಹಾಕಿ ಬರುವುದಕ್ಕೆ ಯಾವ ಅರ್ಥವೂ ಇಲ್ಲ.

ಸೋಲಾರ್ ಪ್ಯಾನೆಲ್ಲಿನಲ್ಲಿ ತಿರುಗುವುದು ಏನೂ ಇಲ್ಲವಲ್ಲ, ಕರೆಂಟ್ ಹೇಗೆ?

ಅದರ ವಿಶೇಷವೇ ಅದು. ಉಗಿ ಇಲ್ಲ, ಚಕ್ರ ಇಲ್ಲ. ಬೆಳಕು ಸಿಲಿಕಾನ್ ಮೇಲೆ ಬಿದ್ದು ನೇರವಾಗಿ ಎಲೆಕ್ಟ್ರಾನುಗಳನ್ನು ಹೊರಡಿಸುತ್ತದೆ. ನಡು ಮಧ್ಯಾಹ್ನ ಒಂದು ಚದರ ಮೀಟರ್ ಮೇಲೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ, 200 ವ್ಯಾಟ್ ಆಸುಪಾಸು ವಿದ್ಯುತ್ ಆಗುತ್ತದೆ. ಉಳಿದದ್ದು ಪ್ಯಾನೆಲ್ಲನ್ನೇ ಕಾಯಿಸುತ್ತದೆ. ಪ್ಯಾನೆಲ್ ಕಾದಷ್ಟೂ ಕೊಡುವುದು ಕಡಿಮೆ. ಹಾಗಾಗಿ ಉರಿ ಬೇಸಿಗೆಗಿಂತ ತಂಪು ಗಾಳಿ, ಸ್ವಚ್ಛ ಬಿಸಿಲು ಎರಡೂ ಇರುವ ದಿನ ಒಳ್ಳೆಯದು.

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನು ರೈತರದ್ದೇ, ಗುತ್ತಿಗೆಗೆ ಕೊಟ್ಟಿದ್ದಾರೆ. ಮಳೆ ಬಾರದೆ ಬರಕ್ಕೆ ಹೆಸರಾಗಿದ್ದ ಸೀಮೆಗೆ ಆ ಬಿಸಿಲೇ ಬೆಳೆಯಾಯಿತು. ಆದರೆ ಜಮೀನಿಲ್ಲದ ಕೂಲಿಯವರಿಗೆ ಗುತ್ತಿಗೆ ದುಡ್ಡು ಬರುವುದಿಲ್ಲ ಅನ್ನುವುದನ್ನೂ ಹೇಳಬೇಕು.

ಹಗಲಿನ ಕರೆಂಟನ್ನು ರಾತ್ರಿಗೆ ಕೂಡಿಡಬಹುದಾ?

ಕರೆಂಟ್ ಆಗಿಯೇ ಅಷ್ಟೊಂದನ್ನು ಕೂಡಿಡಲು ಆಗುವುದಿಲ್ಲ. ಬೇರೆ ರೂಪಕ್ಕೆ ಬದಲಿಸಿ ಇಡಬೇಕು, ಬೇಕಾದಾಗ ವಾಪಸ್ ತರಬೇಕು. ಎರಡು ಕಡೆಯೂ ಸುಂಕ ಇದ್ದೇ ಇದೆ. ಮನೆಯ ಯುಪಿಎಸ್ ಬ್ಯಾಟರಿ ಕರೆಂಟನ್ನು ರಾಸಾಯನಿಕ ಶಕ್ತಿ ಮಾಡಿ ಇಡುತ್ತದೆ. ಹಳೆಯ ಆಸಿಡ್ ಬ್ಯಾಟರಿಯಾದರೆ ಹಾಕಿದ ನಾಲ್ಕು ಯೂನಿಟ್ಟಿನಲ್ಲಿ ಮೂರು ವಾಪಸ್ ಬಂದರೆ ಪುಣ್ಯ.

ದೊಡ್ಡ ಪ್ರಮಾಣದಲ್ಲಿ ಮಾಡಲು ನೀರನ್ನೇ ಮತ್ತೆ ಮೇಲಕ್ಕೆ ಹತ್ತಿಸುತ್ತಾರೆ. ಹಗಲು ಸೋಲಾರ್ ಕರೆಂಟಿನಲ್ಲಿ ಕೆಳಗಿನ ನೀರನ್ನು ಮೇಲಿನ ಜಲಾಶಯಕ್ಕೆ ಪಂಪ್ ಮಾಡು, ಸಂಜೆ ಇಳಿಸು. ಗೇರುಸೊಪ್ಪೆ ಮತ್ತು ತಳಕಳಲೆ ನಡುವೆ 2000 ಮೆಗಾವ್ಯಾಟ್‌ನ ಇಂಥ ಯೋಜನೆ ಸರ್ಕಾರದ ಮುಂದಿದೆ. ಇದು ಶಕ್ತಿ ಹುಟ್ಟಿಸುವ ಯೋಜನೆ ಅಲ್ಲ, ಅದನ್ನು ಸ್ಪಷ್ಟ ಮಾಡಿಕೊಳ್ಳಬೇಕು. 100 ಯೂನಿಟ್ ಹಾಕಿದರೆ 75–80 ಸಿಗುತ್ತದೆ. ಸಿಗುವುದು ಸಂಜೆಯ ಹೊತ್ತಿಗೆ, ಬೇಕಾದಾಗ. ಬೆಲೆ ಇರುವುದು ಅದಕ್ಕೆ. ಆ ಬೆಲೆಗೆ ಸಿಂಗಳೀಕಗಳ ಕಾಡಿನ ನಡುವೆ ಕೆಲಸ ನಡೆಸಬೇಕಾ ಅನ್ನುವುದೇ ಈಗಿನ ಜಗಳ. ನನಗೆ ಬೇಡ ಅನ್ನಿಸುತ್ತದೆ. ಆ ಕಣಿವೆ ಈಗಾಗಲೇ ಒಂದು ಸಲ ಮುಳುಗಿದೆ. ಲಿಂಗನಮಕ್ಕಿಗೆ ಊರು ಕಳೆದುಕೊಂಡವರ ಎಷ್ಟೋ ಮನೆಗಳಿಗೆ ದಶಕಗಳ ಕಾಲ ಕರೆಂಟೇ ಬಂದಿರಲಿಲ್ಲ.

ಘಾಟಿ ಇಳಿಯುವಾಗ ಎಲೆಕ್ಟ್ರಿಕ್ ಕಾರು ಚಾರ್ಜ್ ಆಗುತ್ತದಂತೆ?

ಹೌದು. ಜನ ಕೂತ ಕಾರು 1200 ಕಿಲೋ ಅಂದುಕೊಳ್ಳಿ. ಆಗುಂಬೆಯಿಂದ ಸೋಮೇಶ್ವರದ ಕಡೆ 500 ಮೀಟರ್ ಇಳಿದರೆ ಸುಮಾರು 1.6 ಯೂನಿಟ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಪೆಟ್ರೋಲ್ ಕಾರಿನಲ್ಲಿ ಅದು ಬ್ರೇಕ್ ಕಾಯಿಸುತ್ತದೆ, ಸುಟ್ಟ ವಾಸನೆ ಬರುವುದು ಅದರದ್ದೇ. ಅದಕ್ಕೇ ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲಿ ಇಳಿಯಿರಿ ಅನ್ನುವುದು. ಎಲೆಕ್ಟ್ರಿಕ್ ಕಾರಿನಲ್ಲಿ ಮೋಟರೇ ಜನರೇಟರ್ ಆಗಿ ಚಕ್ರವನ್ನು ತಡೆದು, ಒಂದು ಯೂನಿಟ್ಟಿನಷ್ಟನ್ನು ಬ್ಯಾಟರಿಗೆ ವಾಪಸ್ ಹಾಕಬಹುದು. ಮೇಲೆ ಚಾರ್ಜ್ ಪೂರ್ತಿ ತುಂಬಿಸಿ ಹೊರಟರೆ ಮಾತ್ರ ಜಾಗ ಇರುವುದಿಲ್ಲ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದರೆ ಎಷ್ಟು ಕರಗುತ್ತದೆ?

ನಿರಾಸೆ ಮಾಡುವ ಲೆಕ್ಕ ಇದು. 60 ಕಿಲೋದವರು 250 ಮೀಟರ್ ಹತ್ತಿದರೆ ಆಗುವ ಕೆಲಸ 35 ಕಿಲೋ ಕ್ಯಾಲರಿ ಮಾತ್ರ. ನಮ್ಮ ಸ್ನಾಯು ನಾಲ್ಕರಲ್ಲಿ ಒಂದು ಪಾಲನ್ನಷ್ಟೇ ಕೆಲಸ ಮಾಡುತ್ತದೆ, ಉಳಿದ ಮೂರು ಪಾಲು ಮೈಬಿಸಿ. ಹಾಗಾಗಿ ಒಟ್ಟು ಖರ್ಚು 150ರ ಸುತ್ತಮುತ್ತ. ಮೂರು ಇಡ್ಲಿ, ಚಟ್ನಿ ಬಿಟ್ಟು. ಕೆಳಗಿಳಿದು ಮಸಾಲೆ ದೋಸೆ ತಿಂದರೆ ಲೆಕ್ಕ ತಿರುಗಿ ಬಿತ್ತು.

ಎಲ್ಲ ಶಕ್ತಿಯೂ ಸೂರ್ಯನಿಂದಲೇ ಬಂದದ್ದಾ?

ಬಹುಪಾಲು. ಕಲ್ಲಿದ್ದಲು ಹಳೆಯ ಗಿಡಗಳು ಹಿಡಿದಿಟ್ಟ ಬಿಸಿಲು. ಚಿತ್ರದುರ್ಗ, ಗದಗದ ಗಾಳಿಯಂತ್ರ ತಿರುಗಿಸುವುದೂ ಬಿಸಿಲು ಎಬ್ಬಿಸಿದ ಗಾಳಿ. ಶರಾವತಿಯ ನೀರನ್ನು ಸಮುದ್ರದಿಂದ ಎತ್ತಿ ಸಹ್ಯಾದ್ರಿಗೆ ತಂದದ್ದೂ ಅದೇ. ಅಲ್ಲಿನ ಲೆಕ್ಕ ಮಜವಾಗಿದೆ. ಒಂದು ಲೀಟರ್ ಸಮುದ್ರದ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಬೇಕು. ಅದೇ ಲೀಟರಿನಿಂದ ನಾವು ಪವರ್‌ಹೌಸಿನಲ್ಲಿ ತೆಗೆಯುವುದು ಬರೀ ನಾಲ್ಕು ಸಾವಿರದ ಆಸುಪಾಸು. ಉಳಿದದ್ದೆಲ್ಲ ಮೋಡ ಕಟ್ಟುವಾಗಲೇ ಆಕಾಶದಲ್ಲಿ ಶಾಖವಾಗಿ ಬಿಟ್ಟುಹೋಗಿರುತ್ತದೆ. ಮುಂಗಾರಿನ ಗುಡುಗು, ಬಿರುಗಾಳಿಗೆ ಬಲ ಬರುವುದು ಅದರಿಂದ.

ಕೈಗಾದ ಯುರೇನಿಯಂ ಮಾತ್ರ ಸೂರ್ಯನ ಬಳಗ ಅಲ್ಲ. ಅದು ಸೂರ್ಯನಿಗಿಂತ ಮೊದಲೇ ಸತ್ತ ನಕ್ಷತ್ರಗಳ ಉಳಿಕೆ.

ಒಂದು ಮೋಟರಿಗೆ ಜನರೇಟರ್ ಕಟ್ಟಿ, ಅದರ ಕರೆಂಟನ್ನು ಮೋಟರಿಗೇ ಕೊಟ್ಟು ಪುಕ್ಕಟೆ ಓಡಿಸುವ ವಿಡಿಯೋಗಳು ನಿಜವೇ?

ಸುಳ್ಳು. ಪ್ರತಿ ಸುತ್ತಿಗೂ ಬೇರಿಂಗ್, ತಂತಿ, ಗಾಳಿ ಎಲ್ಲ ತಮ್ಮ ಪಾಲು ಶಾಖವಾಗಿ ತಿನ್ನುತ್ತವೆ. ಕೆಲವೇ ಕ್ಷಣಗಳಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಮೇಜಿನ ಕೆಳಗೆ ಬ್ಯಾಟರಿ ಹುಡುಕಿ.

ಮಕ್ಕಳಿಗೆ ಮನೆಯಲ್ಲೇ ಮಾಡಿಸಬಹುದಾದ ಪ್ರಯೋಗ ಹೇಳಿ.

ಕರೆಂಟ್ ಮೀಟರನ್ನೇ ಬಳಸಿ. ಹೊಸ ಮೀಟರುಗಳಲ್ಲಿ ಒಂದು ಕೆಂಪು ದೀಪ ಮಿನುಗುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಅನ್ನುವುದನ್ನು ಮೀಟರಿನ ಮುಖದ ಮೇಲೆ ಮುದ್ರಿಸಿರುತ್ತಾರೆ. 3200 ಅಂತ ಇದೆ ಅಂದುಕೊಳ್ಳೋಣ. ಮನೆಯಲ್ಲಿ ಉಳಿದೆಲ್ಲ ಆಫ್ ಮಾಡಿ. ಎಲೆಕ್ಟ್ರಿಕ್ ಕೆಟಲ್ಲಿಗೆ ಅಳೆದು ಒಂದು ಲೀಟರ್ ನೀರು ಹಾಕಿ. ಒಬ್ಬರು ಕೆಟಲ್ ಹತ್ತಿರ, ಇನ್ನೊಬ್ಬರು ಮೀಟರ್ ಮುಂದೆ ನಿಂತು ಎಣಿಸಬೇಕು. ಮೀಟರ್ ಬೋರ್ಡ್ ಮುಟ್ಟುವ ಕೆಲಸ ಇಲ್ಲ, ನೋಡಿದರೆ ಸಾಕು.

ಬೆಂಗಳೂರು ಎತ್ತರದಲ್ಲಿರುವುದರಿಂದ ಅಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. 25ರಿಂದ 97ಕ್ಕೆ ಏರಲು ಒಂದು ಲೀಟರ್ ನೀರಿಗೆ ಬೇಕಾದ್ದು ಸುಮಾರು 3 ಲಕ್ಷ ಜೂಲ್, ಅಂದರೆ 0.084 ಯೂನಿಟ್, ಅಂದರೆ 268 ಮಿನುಗು. ಕುದಿ ಬರುವಷ್ಟರಲ್ಲಿ ನೀವು 310 ಎಣಿಸಿದಿರಿ ಅಂದರೆ, ಜಾಸ್ತಿ ಬಂದ 42 ಕೆಟಲ್ಲಿನ ಮೈ ಕಾಯಿಸಲು, ಸುತ್ತಲಿನ ಗಾಳಿಗೆ ಹೋಯಿತು. ಇನ್ನೊಂದು ಸಲ ಅರ್ಧ ಲೀಟರ್ ಹಾಕಿ ಎಣಿಸಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ. ಯಾಕೆ ಅಂತ ಮಕ್ಕಳನ್ನೇ ಕೇಳಿ.